ವಾಲಿಯ ಪ್ರಶ್ನೆ, ಶಾಲೆಯ ಮನವಿ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ ನಮ್ಮ ಕಾಸರಗೋಡಿನ ಕಡೆ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದದ ಎಳೆ ಹಿಡಿದು ಮಾತಿನಲ್ಲಿಯೇ ಸೆಣಸುತ್ತಾರೆ. ಅದೇ ವೇಳೆಗೆ ಶಾಲೆಗಳೂ ತೆರೆಯುತ್ತವೆ. ಯಾವ ಶಾಲೆ, ಯಾವ ಮಾಧ್ಯಮ, ಅಧ್ಯಾಪಕರು ಬಂದರೋ ಇಲ್ಲವೋ ಎಂಬ ವಾದಗಳು ಮನೆಯ ಜಗಲಿಯಲ್ಲಿಯೂ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿಯೂ ಏಳುತ್ತವೆ. ಎರಡನ್ನೂ ಕಿವಿಗೊಟ್ಟು ಕೇಳಿದವರಿಗೆ ಒಂದು ವ್ಯತ್ಯಾಸ ತಿಳಿಯುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿಯ ಮಾತು ಎಲ್ಲಿ ಬಿರುಕು ಬಿಟ್ಟಿತೆಂಬುದನ್ನು ಹಿಂದಿನ ಸಾಲಿನ ಮುದುಕರೂ ಹಿಡಿದುಬಿಡುತ್ತಾರೆ. ಶಾಲೆಯ ಸಭೆಯಲ್ಲಿ ಅದೇ ಬಗೆಯ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ವಾರ ಮೊದಲನೆಯದರ ಕಣ್ಣಿನಿಂದ ಎರಡನೆಯದನ್ನು ನೋಡೋಣ.

ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಸುಗ್ರೀವನೊಡನೆ ಹೋರಾಡುತ್ತಿದ್ದ ವಾಲಿ ಮರೆಯಿಂದ ಬಂದ ರಾಮಬಾಣಕ್ಕೆ ಉರುಳಿದ್ದಾನೆ. ಪ್ರಾಣ ಹೋಗುವ ಮುನ್ನ ಅವನು ಕೇಳುವ ಪ್ರಶ್ನೆಗಳು ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೇ ಇವೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣ ಪ್ರಸಂಗಗಳು ಆ ಕಥೆಯನ್ನು ನಮ್ಮ ಮನೆಮಾತಾಗಿಸಿದವು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಕಾಲದಲ್ಲಿ ತಾಳಮದ್ದಳೆಯ ಮಾತಿಗೆ ನ್ಯಾಯಾಲಯದ ಪಾಟೀಸವಾಲಿನ ಮೊನೆ ಬಂದಿತು. ವಾಲಿಯ ಆರೋಪಪಟ್ಟಿ ಹೀಗಿದೆ: ನಿನ್ನ ನಾಡಿಗಾಗಲಿ ನಗರಕ್ಕಾಗಲಿ ನಾನು ಕೇಡು ಬಗೆದವನಲ್ಲ. ಬೇರೊಬ್ಬನೊಡನೆ ಹೋರುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದೆ. ಬೇಟೆಯೆನ್ನುವೆಯಾದರೆ, ನನ್ನ ಚರ್ಮ ನಿನ್ನಂಥವರು ಉಡುವುದಲ್ಲ, ಮಾಂಸ ತಿನ್ನುವುದಲ್ಲ. ಐದುಗುರಿನ ಪ್ರಾಣಿಗಳಲ್ಲಿ ತಿನ್ನತಕ್ಕವು ಮೊಲ, ಉಡ, ಆಮೆ ಮೊದಲಾದ ಐದೇ, ಕಪಿ ಆ ಲೆಕ್ಕದಲ್ಲಿಲ್ಲ. ಸೀತೆಗಾಗಿ ಎನ್ನುವೆಯಾದರೆ, ನನ್ನನ್ನು ಕೇಳಿದ್ದರೆ ರಾವಣನ ಕೊರಳಿಗೆ ಹಗ್ಗ ಬಿಗಿದು ತಂದೊಪ್ಪಿಸುತ್ತಿದ್ದೆ.

ರಾಮನ ಉತ್ತರಗಳು ಹಲವು. ಈ ಭೂಮಿಯೆಲ್ಲ ಇಕ್ಷ್ವಾಕುಗಳದು, ಭರತನ ಆಳ್ವಿಕೆಯದು. ಅವನ ಪರವಾಗಿ ಧರ್ಮ ತಪ್ಪಿದವರನ್ನು ನಾವು ದಂಡಿಸುತ್ತೇವೆ. ತಮ್ಮನ ಹೆಂಡತಿ ರುಮೆಯನ್ನು ನೀನು ಇರಿಸಿಕೊಂಡೆ, ಅದಕ್ಕೆ ಇದು ದಂಡನೆ. ಸುಗ್ರೀವನಿಗೆ ಮಾತು ಕೊಟ್ಟಿದ್ದೇನೆ, ತಪ್ಪಲಾರೆ. ಅಲ್ಲದೆ ನೀನು ಶಾಖಾಮೃಗ. ಮನುಷ್ಯರು ಮೃಗಗಳನ್ನು ಬಲೆಯೊಡ್ಡಿಯೂ ಅಡಗಿ ನಿಂತೂ ಹೊಡೆಯುತ್ತಾರೆ, ಅದರಲ್ಲಿ ದೋಷವಿಲ್ಲ.

ಬಿಡಿಬಿಡಿಯಾಗಿ ನೋಡಿದರೆ ಒಂದೊಂದಕ್ಕೂ ಬಲವಿದೆ. ಒಟ್ಟಿಗೆ ನಿಲ್ಲಿಸಿದರೆ ಒಂದು ಇನ್ನೊಂದನ್ನು ತಳ್ಳುತ್ತದೆ. ವಾಲಿ ಮೃಗವಾದರೆ ತಮ್ಮನ ಹೆಂಡತಿ ಎಂಬ ಧರ್ಮವಿಚಾರ ಅವನಿಗೆ ಅನ್ವಯಿಸುವುದು ಹೇಗೆ? ಧರ್ಮಕ್ಕೆ ಕಟ್ಟುಬಿದ್ದು ದಂಡನೆಗೆ ಅರ್ಹನಾದವನಾದರೆ ಅವನನ್ನು ಬೇಟೆಯ ಮೃಗದಂತೆ ಮರೆಯಿಂದ ಹೊಡೆಯುವುದು ಹೇಗೆ? ಆಡಿದ ಮಾತಿಗೂ ಅದಕ್ಕೆ ಕೊಟ್ಟ ಕಾರಣಕ್ಕೂ ಹೊಂದಿಕೆಯಿಲ್ಲದಿದ್ದರೆ ಗೌತಮನ ನ್ಯಾಯಸೂತ್ರಗಳು ಅದನ್ನು ಪ್ರತಿಜ್ಞಾವಿರೋಧವೆಂದು ಕರೆದು, ವಾದಿ ಸೋಲುವ 22 ನಿಗ್ರಹಸ್ಥಾನಗಳಲ್ಲಿ ಒಂದನ್ನಾಗಿ ಇಟ್ಟಿವೆ. ನಮ್ಮ ಸಿವಿಲ್ ನ್ಯಾಯಾಲಯಗಳು ಇಷ್ಟು ಕಟುವಾಗಿಲ್ಲ. 'ಸಾಲ ಪಡೆದೇ ಇಲ್ಲ, ಪಡೆದಿದ್ದರೂ ತೀರಿಸಿದ್ದೇನೆ, ತೀರಿಸಿಲ್ಲವೆಂದರೂ ದಾವೆಯ ಅವಧಿ ಮೀರಿದೆ' ಎಂದು ಪ್ರತಿವಾದಿ ಒಂದೇ ಉತ್ತರಪತ್ರದಲ್ಲಿ ಬರೆಯಬಹುದು. ಕಾನೂನು ಸಹಿಸಿಕೊಂಡದ್ದನ್ನೆಲ್ಲ ತರ್ಕವೂ ಸಹಿಸಿಕೊಳ್ಳಬೇಕೆಂದಿಲ್ಲ.

ಹಾಗೆಂದು ವಾಲಿಯ ಮಾತು ಶುದ್ಧವೆಂದು ತಿಳಿಯಬೇಡಿ. ರುಮೆಯ ವಿಚಾರಕ್ಕೆ ಅವನ ಬಳಿ ಉತ್ತರವಿಲ್ಲ. ಕೊಂದ ಬಗೆ ಸರಿಯೇ ಎಂಬುದನ್ನೇ ಒತ್ತಿ ಒತ್ತಿ ಕೇಳುತ್ತಾನೆ. ತಾನು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಅದರ ನೆರಳಿನಲ್ಲಿ ಅಡಗಿಹೋಗುತ್ತದೆ. ರಾವಣನನ್ನು ಕಟ್ಟಿ ತರುತ್ತಿದ್ದೆ ಎಂಬುದೋ ಲಾಭದ ಮಾತು. ನ್ಯಾಯದ ಪ್ರಶ್ನೆಗೆ ಲಾಭದ ಲೆಕ್ಕ ಉತ್ತರವಾಗದು. ಅತ್ತ ರಾಮನ ಪಾತ್ರಧಾರಿಯು 'ಧರ್ಮವನ್ನು ಕೇಳಲು ನೀನು ಯಾರು? ರುಮೆಯನ್ನು ಕರೆತಂದ ದಿನ ಈ ಧರ್ಮ ಎಲ್ಲಿತ್ತು?' ಎಂದು ಗುಡುಗಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಅಲ್ಲಿ ಪ್ರಶ್ನೆಗೆ ಉತ್ತರ ಸಿಕ್ಕಿತೆ? ಇಲ್ಲ, ಪ್ರಶ್ನೆ ಕೇಳಿದವನ ಬಾಯಿ ಮುಚ್ಚಿತು, ಅಷ್ಟೆ. ತಪ್ಪಿತಸ್ಥನು ಕೇಳಿದ ಪ್ರಶ್ನೆಯೂ ಸರಿಯಾದ ಪ್ರಶ್ನೆಯಾಗಿರಬಹುದು.

ಒಡಂಬಡಿಸುವ ಬಗೆಗಳನ್ನು ಅರಿಸ್ಟಾಟಲನು ಮೂರಾಗಿ ವಿಂಗಡಿಸಿದ: ಹೇಳುವವನ ಶೀಲ, ಕೇಳುವವನ ಭಾವ, ಮಾತಿನ ಯುಕ್ತಿ. ಮೂರೂ ಈ ಒಂದೇ ಸಂವಾದದಲ್ಲಿವೆ. ದಶರಥನ ಮಗ, ಸತ್ಯವಂತನೆಂದು ಕೇಳಿದ್ದೆನಲ್ಲ ಎಂದು ವಾಲಿ ಮೊದಲು ಎದುರಾಳಿಯ ಶೀಲಕ್ಕೆ ಕೈ ಹಾಕುತ್ತಾನೆ. ಪಂಚನಖದ ಲೆಕ್ಕ ಯುಕ್ತಿ. ಅಂಗದನನ್ನು ಕಾಪಾಡು ಎಂಬ ಕೊನೆಯ ಮಾತು ಭಾವ. ಭಾವಕ್ಕೆ ಮನವಿ ಮಾಡುವುದೆಲ್ಲ ಕುತರ್ಕವೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಂದೆ ಸಾಯುತ್ತಿದ್ದಾನೆ, ಮಗನ ಮುಂದಿನ ಗತಿಯೇನು ಎಂಬುದು ಅಲ್ಲಿ ನಿಜವಾದ ಪ್ರಶ್ನೆ. ಅದಕ್ಕೆ ಕಣ್ಣು ತೇವವಾದರೆ ಬುದ್ಧಿ ಕೆಟ್ಟಿತೆಂದಲ್ಲ. ಸಾಕ್ಷ್ಯ ಇರಬೇಕಾದ ಜಾಗದಲ್ಲಿ ಕಣ್ಣೀರನ್ನು ತಂದಿಟ್ಟಾಗ ಮಾತ್ರ ದೋಷ.

ತಾಳಮದ್ದಳೆಯಲ್ಲಿ ತರ್ಕ ತಪ್ಪಿದರೆ ಯಾರ ಗಂಟೂ ಹೋಗುವುದಿಲ್ಲ. ಇಂದು ವಾಲಿಯಾದವರು ಮುಂದಿನ ವಾರ ರಾಮನಾಗಿ ಕುಳಿತು ತಮ್ಮದೇ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಶಾಲೆಯ ಮಾತು ಹಾಗಲ್ಲ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಲೆಕ್ಕವನ್ನು ಆಧರಿಸಿ ಅಧ್ಯಾಪಕ ಹುದ್ದೆಗಳು ನಿಶ್ಚಯವಾಗುತ್ತವೆ. ಮೇ ತಿಂಗಳ ಜಗಲಿಯ ವಾದದಲ್ಲಿ ಮೂರು ಮನೆಯವರು ಮನಸ್ಸು ಬದಲಿಸಿದರೆ ಜೂನಿನಲ್ಲಿ ಒಂದು ಕನ್ನಡ ವಿಭಾಗವೇ ಇಲ್ಲವಾಗಬಹುದು.

ಆ ಜಗಲಿಯ ವಾದವಾದರೂ ಎಂಥದು? 'ಅವರ ಮಕ್ಕಳನ್ನು ನೋಡಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದರು, ಇಬ್ಬರೂ ಇಂಜಿನಿಯರ್ ಆದರು.' ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ ಬೆಟ್ಟದ ಹೊಗೆ. ಹೊಗೆ ಕಂಡರೆ ಬೆಂಕಿ ಇದೆಯೆನ್ನಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆಯೆನ್ನಬಹುದೆ? ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಬೆಂಕಿಯ ಜತೆಗೆ ಹಸಿ ಸೌದೆ ಬೇಕು. ಹೀಗೆ ಕಣ್ಣಿಗೆ ಕಾಣದೆ ನಡುವೆ ನಿಂತಿರುವ ಷರತ್ತಿಗೆ ನೈಯಾಯಿಕರು ಉಪಾಧಿ ಎನ್ನುತ್ತಾರೆ. ಆಟಿ ತಿಂಗಳಿನಲ್ಲಿ ಒಲೆ ಊದಿದ ನಮ್ಮ ಅಜ್ಜಿಯಂದಿರಿಗೆ ಹಸಿ ಸೌದೆಯ ಮಹಿಮೆಯನ್ನು ಯಾವ ಶಾಸ್ತ್ರವೂ ಹೇಳಿಕೊಡಬೇಕಾಗಿರಲಿಲ್ಲ. ಆ ಇಬ್ಬರು ಇಂಜಿನಿಯರರ ವಿಷಯದಲ್ಲಿ ಹಸಿ ಸೌದೆ ಯಾವುದು? ಓದು ಬಲ್ಲ ತಾಯಿ, ಮನೆಯಲ್ಲಿನ ಪುಸ್ತಕ, ತಿಂಗಳು ತಿಂಗಳು ಶುಲ್ಕ ಕಟ್ಟಬಲ್ಲ ಆದಾಯ, ಸಂಜೆಯ ಟ್ಯೂಷನ್. ಇವನ್ನೆಲ್ಲ ತೆಗೆದು ಮಾಧ್ಯಮವೊಂದನ್ನೇ ಉಳಿಸಿದರೂ ಹೊಗೆ ಬರುತ್ತದೆಯೆ ಎಂದು ಕೇಳಿ ನೋಡಬೇಕು. ಅದೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿ, ಯಾವ ಭಾಷೆಯಲ್ಲಿಯೂ ಒಂದು ಪುಟ ನೆಟ್ಟಗೆ ಬರೆಯಲಾರದೆ ಉಳಿದ ಮಕ್ಕಳನ್ನು ಯಾರೂ ಬೆರಳು ಮಾಡಿ ತೋರಿಸುವುದಿಲ್ಲ.

ಇನ್ನು ನಮ್ಮವರ ಉತ್ತರ. 'ದೊಡ್ಡ ದೊಡ್ಡ ವಿಜ್ಞಾನಿಗಳೂ ಸಾಹಿತಿಗಳೂ ಕನ್ನಡ ಶಾಲೆಯಲ್ಲೇ ಓದಿದವರಲ್ಲವೆ?' ಓದಿದರು, ನಿಜ. ಆ ಕಾಲಕ್ಕೆ ಅವರ ಊರಿನಲ್ಲಿ ಬೇರೆ ಶಾಲೆ ಇತ್ತೆ? ಅದೇ ಬೆಂಚಿನಲ್ಲಿ ಕುಳಿತು ನಾಲ್ಕನೆಯ ತರಗತಿಗೆ ಓದು ಬಿಟ್ಟವರೆಷ್ಟು? ಎದುರಾಳಿಯ ವಾದದಲ್ಲಿ ನಾವು ಹುಡುಕಿದ ಉಪಾಧಿ ನಮ್ಮ ವಾದದಲ್ಲಿಯೂ ಅಷ್ಟೇ ಗಟ್ಟಿಯಾಗಿ ಕುಳಿತಿದೆ. ಕನ್ನಡ ಮಾಧ್ಯಮದ ಪರವಾಗಿ ಹೇಳಲು ಇದಕ್ಕಿಂತ ಎಷ್ಟೋ ಗಟ್ಟಿಯಾದ ಕಾರಣಗಳಿವೆ. ಎಳೆಯ ಮಗು ಹೊಸ ವಿಷಯವನ್ನು ತಾನು ಬಲ್ಲ ನುಡಿಯಲ್ಲಿ ಬೇಗ ಗ್ರಹಿಸುತ್ತದೆ, ತಿಳಿಯದಿದ್ದರೆ ಎದ್ದು ನಿಂತು ಕೇಳುತ್ತದೆ. ಇದು ಪ್ರತಿಯೊಬ್ಬ ಅಧ್ಯಾಪಕರೂ ದಿನವೂ ಕಾಣುವ ಸಂಗತಿ. ಅದನ್ನು ಬಿಟ್ಟು ಮಹಾಪುರುಷರ ಪಟ್ಟಿ ಓದುವುದು ಬಲವಾದ ಸಾಕ್ಷಿಯನ್ನು ಮನೆಯಲ್ಲಿ ಬಿಟ್ಟು ಬಂದಂತೆ.

ಒಬ್ಬರ ವಾದ ದೋಷವುಳ್ಳದ್ದೆಂದ ಮಾತ್ರಕ್ಕೆ ಅವರ ನಿರ್ಣಯವೂ ಸುಳ್ಳೆಂದಾಗುವುದಿಲ್ಲ. ಬಡ ಕುಟುಂಬವೊಂದು ಮಗುವನ್ನು ಬೇರೆ ಶಾಲೆಗೆ ಕಳುಹಿಸಲು ಬಸ್ಸಿನ ಸೌಕರ್ಯವೋ ಅಧ್ಯಾಪಕರ ಕೊರತೆಯೋ ತಕ್ಕ ಕಾರಣವೇ ಆಗಿರಬಹುದು. ಜಗಲಿಯಲ್ಲಿ ಬಾಯಿಗೆ ಬಂದದ್ದು ಬೇರೆ ಕಾರಣ. ಅಂಥವರನ್ನು ನುಡಿದ್ರೋಹಿಗಳೆಂದು ಜರೆಯುವುದು, ವಾದವನ್ನು ಬಿಟ್ಟು ವ್ಯಕ್ತಿಯನ್ನು ಹೊಡೆಯುವ ದೋಷ. ಅದರಿಂದ ಮರಳಿ ಬಂದ ಮಗುವನ್ನು ನಾನು ಕಂಡಿಲ್ಲ.

ಕನ್ನಡ ವಿಭಾಗಕ್ಕೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಕೇಳಿಬರುವ ಸಮಾಧಾನವೊಂದಿದೆ. 'ನಿಮ್ಮ ಮಕ್ಕಳು ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲಯಾಳ ಮಾತನಾಡುತ್ತಾರಲ್ಲ, ಗಣಿತವನ್ನು ಮಲಯಾಳದಲ್ಲಿ ಕೇಳಿದರೇನು?' ಇದು ವ್ಯಭಿಚಾರಿ ಹೇತು. ಅಂದರೆ ಕೊಟ್ಟ ಕಾರಣ ನಿಂತಲ್ಲೆಲ್ಲ ನಿರ್ಣಯ ನಿಲ್ಲುವುದಿಲ್ಲ. ಮೀನಿನ ಬೆಲೆಯನ್ನು ಹಿಂದಿಯಲ್ಲಿ ಕೇಳಬಲ್ಲ ದೊಡ್ಡವರು ಹಿಂದಿಯಲ್ಲಿ ಬರೆದ ಆಸ್ತಿಯ ಕ್ರಯಪತ್ರಕ್ಕೆ ಓದದೆ ರುಜು ಹಾಕುವರೆ? ವ್ಯವಹಾರದ ನುಡಿ ಒಂದು, ಭಿನ್ನರಾಶಿಯನ್ನು ಅರ್ಥಮಾಡಿಕೊಳ್ಳುವ ನುಡಿ ಇನ್ನೊಂದು.

ಇದಕ್ಕಿಂತ ಸೂಕ್ಷ್ಮವಾದದ್ದು ಛಲ. ನ್ಯಾಯಸೂತ್ರದ ಭಾಷ್ಯಕಾರರು ಕೊಡುವ ಉದಾಹರಣೆ ಸೊಗಸಾಗಿದೆ. ಒಬ್ಬ ಹುಡುಗ ಹೊಸ ಕಂಬಳಿ ಹೊದ್ದು ಬಂದ. ನೋಡಿದವನು ಅದನ್ನು ನವ ಕಂಬಳಿ ಎಂದ. ಸಂಸ್ಕೃತದಲ್ಲಿ ನವ ಎಂದರೆ ಹೊಸದೂ ಹೌದು, ಒಂಬತ್ತೂ ಹೌದು. ಎದುರಾಳಿ ಎದ್ದು, ಒಂಬತ್ತು ಎಲ್ಲಿವೆ, ಇರುವುದು ಒಂದೇ ಎಂದು ವಾದಿಸಿದ. ಹೇಳಿದವನ ಅರ್ಥವನ್ನು ಬಿಟ್ಟು ಶಬ್ದಕ್ಕೆ ಬೇರೆ ಅರ್ಥ ಹಚ್ಚಿ ಸೋಲಿಸುವ ಈ ಆಟ ವಾಕ್ಛಲ. ಮಕ್ಕಳು ನಗುತ್ತಾರೆ. ಆದರೆ ನಮ್ಮೂರ ಮಟ್ಟಿಗೆ ಇದು ನಗುವ ವಿಷಯವಲ್ಲ. 'ನೀವು ಮನೆಯಲ್ಲಿ ಆಡುವುದು ತುಳು. ಅವರು ಕೊಂಕಣಿ, ಇವರು ಮರಾಠಿ. ಹಾಗಾದರೆ ಕನ್ನಡ ನಿಮ್ಮ ಮಾತೃಭಾಷೆ ಹೇಗಾಯಿತು? ಕನ್ನಡ ಅಧ್ಯಾಪಕರನ್ನು ಕೇಳುವ ಹಕ್ಕೇನು?' ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಕಡಮೆ. ಇದು ಅದೇ ನವ ಕಂಬಳಿ. ಮಾತೃಭಾಷೆ ಎಂಬ ಶಬ್ದಕ್ಕೆ ಅಡುಗೆಮನೆಯಲ್ಲಿ ಒಂದು ಅರ್ಥ, ಸಂವಿಧಾನದ ಪುಟದಲ್ಲಿ ಇನ್ನೊಂದು ಅರ್ಥ. 2014ರ ಮೇ 6ರಂದು ಕರ್ನಾಟಕದ ಭಾಷಾ ಮಾಧ್ಯಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಸಂವಿಧಾನದ ಸಂದರ್ಭದಲ್ಲಿ ಮಾತೃಭಾಷೆಯೆಂದರೆ ರಾಜ್ಯದೊಳಗಿನ ಭಾಷಾ ಅಲ್ಪಸಂಖ್ಯಾತರ ಭಾಷೆ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಹೆತ್ತವರು ಅಥವಾ ಪೋಷಕರು ಎಂದು ಹೇಳಿತು. ಪ್ರಾಂತಗಳ ಶಿಕ್ಷಣ ಮಂತ್ರಿಗಳ 1949ರ ಸಮ್ಮೇಳನವೂ ಹೆತ್ತವರು ಘೋಷಿಸಿದ್ದೇ ಮಾತೃಭಾಷೆಯೆಂದು ಒಪ್ಪಿತ್ತು.

ಕರ್ನಾಟಕದಲ್ಲಿ ಆ ತೀರ್ಪು ಕನ್ನಡಕ್ಕೆ ಬಿದ್ದ ಪೆಟ್ಟೆಂದೇ ಹೆಸರಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂಬ ಭಾಗಕ್ಕಾಗಿ. ಗಡಿಯ ಈಚೆ ನಿಂತು ಓದಿದರೆ ಅದರೊಳಗೆ ನಮ್ಮ ಕೈಗೆ ಒಂದು ಗುರಾಣಿ ಸಿಗುತ್ತದೆ. 'ಇಂಗ್ಲಿಷ್ ಮಾಧ್ಯಮವೇ ಮೇಲೆಂದು ಸುಪ್ರೀಂ ಕೋರ್ಟೇ ಹೇಳಿದೆ' ಎಂಬ ಜಗಲಿಯ ವರದಿ ಮಾತ್ರ ಶುದ್ಧ ಸುಳ್ಳು. ಮಾತೃಭಾಷೆಯಲ್ಲಿ ಮಕ್ಕಳು ಚೆನ್ನಾಗಿ ಕಲಿಯಬಲ್ಲರೆಂಬ ತಜ್ಞರ ಅಭಿಪ್ರಾಯವನ್ನು ಪೀಠ ಅಲ್ಲಗಳೆಯಲಿಲ್ಲ. ಬಲವಂತ ಸಲ್ಲದು ಎಂದಿತು. ಬಲವಂತ ಬೇಡ ಎನ್ನುವುದಕ್ಕೂ ಅದು ಕೆಟ್ಟದ್ದು ಎನ್ನುವುದಕ್ಕೂ ಇರುವ ಅಂತರ ಬೆಲ್ಲ ತಿನ್ನಲು ಹಟ ಹಿಡಿದ ಮಗುವಿಗೂ ಗೊತ್ತು.

ಛಲದಲ್ಲಿ ಇನ್ನೊಂದು ಬಗೆ ಉಪಚಾರಛಲ. ಮಂಚದ ಮೇಲೆ ಕುಳಿತವರು ಕೂಗಿದಾಗ 'ಮಂಚಗಳು ಕೂಗುತ್ತಿವೆ' ಎಂದು ಆಡುಮಾತಿನಲ್ಲಿ ಹೇಳಿದವನಿಗೆ, ಮರದ ಮಂಚ ಹೇಗೆ ಕೂಗೀತು ಎಂದು ಎದುರು ಹೇಳುವುದು. ಅಲಂಕಾರವನ್ನು ಅಕ್ಷರಶಃ ಹಿಡಿಯುವ ಕುಚೋದ್ಯ ಇದು. ಇದರ ಮಗ್ಗುಲಲ್ಲಿಯೇ ಇನ್ನೊಂದು ತಪ್ಪಿದೆ, ಅದು ನಮ್ಮದು: ಅಲಂಕಾರವನ್ನೇ ಪ್ರಮಾಣವೆಂದು ಮುಂದಿಡುವುದು. 'ತಾಯ್ನುಡಿ ಎದೆಹಾಲು' ಎಂದು ನಮ್ಮ ಪ್ರತಿ ಮನವಿಯ ಮೊದಲ ವಾಕ್ಯ ಆರಂಭವಾಗುತ್ತದೆ. ಅಲಂಕಾರದ ಪಾಠದಲ್ಲಿ ಮಕ್ಕಳು ಅಂಕಕ್ಕಾಗಿ ಕಲಿಯುವ ನಾಲ್ಕು ಅಂಗಗಳನ್ನು ನೆನೆಯಿರಿ: ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ. ರೂಪಕವು ಎರಡೂ ಒಂದೇ ಎಂದು ಘೋಷಿಸಿ ಸಮಾನಧರ್ಮವನ್ನು ಬಾಯಿಬಿಟ್ಟು ಹೇಳದೆ ಬಿಡುತ್ತದೆ. ಅದರ ಚೆಲುವು ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ. ಎದೆಹಾಲು ಪೋಷಿಸುತ್ತದೆ, ಸರಿ. ಆದರೆ ಎರಡು ವರ್ಷಕ್ಕೆ ಬಿಡಿಸುತ್ತಾರಲ್ಲ! ಹಾಗೆಯೇ ಎರಡನೆಯ ತರಗತಿಗೆ ಕನ್ನಡವನ್ನೂ ಬಿಡಿಸೋಣ ಎಂದು ಚತುರನಾದ ಅಧಿಕಾರಿ ಹೇಳಿದರೆ ನಮ್ಮ ರೂಪಕವೇ ನಮಗೆ ತಿರುಗುಬಾಣ. ಇಂಗ್ಲಿಷ್ ಏಣಿ ಎಂಬುವವರಿಗೂ ಇದೇ ಪ್ರಶ್ನೆ: ಏಣಿಗೂ ಭಾಷೆಗೂ ಸಮಾನಧರ್ಮ ಎಲ್ಲಿಯವರೆಗೆ? ಏಣಿ ಇಡಲು ಗಟ್ಟಿ ನೆಲ ಬೇಡವೆ? ಗಾದೆಗಳ ಸ್ಥಿತಿಯೂ ಇಷ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ನಾಲಗೆಯೇ ನಾಳೆ ಎಂದವನ ಮನೆ ಹಾಳು ಎಂದೂ ಹೇಳುತ್ತದೆ.

ಕವಿಗೆ ರೂಪಕ ಇರಲಿ, ಸಭೆಯ ಭಾಷಣಕ್ಕೂ ಇರಲಿ. ಉಪಜಿಲ್ಲಾ ವಿದ್ಯಾಧಿಕಾರಿಗಳ ಮೇಜಿನ ಮೇಲೆ ಇಡುವ ಕಾಗದದಲ್ಲಿ ಅದಕ್ಕೆ ಮೊದಲ ಸ್ಥಾನ ಬೇಡ. ಅಲ್ಲಿ ಬೇಕಾದದ್ದು ಬೇರೆ. ಕಾಸರಗೋಡು ಕೇರಳಕ್ಕೆ ಸೇರಿದ ಅದೇ 1956ರಲ್ಲಿ, ಸಂವಿಧಾನದ ಏಳನೆಯ ತಿದ್ದುಪಡಿಯಿಂದ 350ಎ ವಿಧಿ ಬಂದಿತು: ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಆಡಳಿತವೂ ಪ್ರಯತ್ನಿಸಬೇಕು. 'ಪ್ರಯತ್ನಿಸಬೇಕು' ಎಂಬ ಕ್ರಿಯಾಪದವನ್ನು ಗಮನಿಸಿ. ಇದನ್ನು ನಮ್ಮ ಮನವಿಗಳು 'ಕನ್ನಡ ಅಧ್ಯಾಪಕರನ್ನು ಪಡೆಯುವುದು ಪ್ರತಿ ಮಗುವಿನ ಮೂಲಭೂತ ಹಕ್ಕೆಂದು 350ಎ ಹೇಳಿದೆ' ಎಂದು ಬರೆಯುತ್ತವೆ. ವಿಧಿ ಹಾಗೆ ಹೇಳಿಲ್ಲ. ಇಲ್ಲದ್ದನ್ನು ಇದೆಯೆಂದು ಹಿಡಿದು ಹೊರಟ ಕಾರಣಕ್ಕೆ ಅಸಿದ್ಧ ಹೇತುವೆಂದು ಹೆಸರು. ಆಕಾಶದ ತಾವರೆಗೆ ಕಂಪಿದೆಯೆಂದು ವಾದಿಸಿದ ಹಾಗೆ. ಇರುವಷ್ಟನ್ನೇ ಹೇಳಿದರೂ ಬೇಕಾದಷ್ಟು ಬಲವಿದೆ: ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಯಾವ ಪ್ರಯತ್ನ ನಡೆದಿದೆ ಎಂದು ಕೇಳುವ ಅವಕಾಶ ಆ ಕ್ರಿಯಾಪದದಲ್ಲಿಯೇ ಇದೆ.

ಮಕ್ಕಳ ಸಂಖ್ಯೆಯನ್ನು ಬರೆಯುವಾಗ 'ಸುಮಾರು ನೂರು' ಎನ್ನಬೇಡಿ. ಹಾಜರಿ ಪುಸ್ತಕದಲ್ಲಿ 63 ಇದ್ದರೆ 63 ಎಂದೇ ಬರೆಯಿರಿ. 1949ರ ಸೂತ್ರ ಕೇಳುವುದು ಇಡೀ ಶಾಲೆಯಲ್ಲಿ 40, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳನ್ನು. ಅಷ್ಟಿದ್ದರೆ ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಅಧ್ಯಾಪಕರನ್ನು ನೇಮಿಸಬೇಕೆಂಬುದು ಒಪ್ಪಿಗೆಯಾದ ಮಾತು. ಕೇಂದ್ರ ಸರ್ಕಾರದ 1956ರ ರಕ್ಷಣೋಪಾಯಗಳ ಜ್ಞಾಪನಪತ್ರವೂ ಅದನ್ನೇ ಎತ್ತಿಹಿಡಿಯಿತು. 63 ಸಾಕಾಗಿರುವಲ್ಲಿ ನೂರೆಂದು ಬರೆದರೆ ಅಧಿಕಾರಿ ಉಳಿದ 37ರ ಲೆಕ್ಕವನ್ನು ಮೊದಲು ಕೇಳುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕನ್ನಡ ಗೊತ್ತಿಲ್ಲದ ಅಧ್ಯಾಪಕರು ಬಂದಿದ್ದರೆ ಅವರನ್ನು ಹಳಿಯಬೇಡಿ; ಅವರು ನೇಮಕದ ಆದೇಶ ಹಿಡಿದು ಬಂದವರು. ಯಾವ ವಿಷಯದ ಎಷ್ಟು ಪಾಠಗಳು ನಡೆದಿಲ್ಲ ಎಂಬುದನ್ನು ಮಕ್ಕಳ ನೋಟ್ ಪುಸ್ತಕದಿಂದಲೇ ಎಣಿಸಿ ಸೇರಿಸಿ. ಒಂದು ಮಗು ಆ ತರಗತಿಯಲ್ಲಿ ಹೇಗೆ ಕುಳಿತಿರುತ್ತದೆ ಎಂಬುದನ್ನು ಎರಡು ಸಾಲಿನಲ್ಲಿ ಹೇಳಬಹುದು. ಅದು ಭಾವವೇ, ಆದರೆ ತಕ್ಕ ಜಾಗದ ಭಾವ, ಅಂಗದನ ಮಾತಿನಂತೆ.

ಬರೆದಾದ ಮೇಲೆ ಮನೆಯಲ್ಲಿ ಒಂದು ಸಂಜೆ ಅದನ್ನು ತಾಳಮದ್ದಳೆಗೆ ಕೂರಿಸಿ. ತಂದೆ ತಾಯಿ ಮನವಿ ಓದಲಿ; ಎಂಟನೆಯ ತರಗತಿಯ ಮಗ ಅಥವಾ ಮಗಳು ಅಧಿಕಾರಿಯ ಅರ್ಥ ಹೇಳಲಿ. ಪ್ರತಿ ವಾಕ್ಯಕ್ಕೂ 'ಇದಕ್ಕೆ ಆಧಾರವೇನು?' ಎಂದು ಕೇಳುವ ಅಧಿಕಾರ ಆ ಮಗುವಿಗೆ ಇರಲಿ. ಉತ್ತರ ಸಿಗದ ವಾಕ್ಯವನ್ನು ಹೊಡೆದುಹಾಕಿ. ಉಳಿದದ್ದನ್ನು ಕನ್ನಡದಲ್ಲಿಯೇ ಸಲ್ಲಿಸಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡಲು 350ನೆಯ ವಿಧಿ ಅವಕಾಶ ಕೊಟ್ಟಿದೆ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ತಾರೀಕು ಸಹಿತ ಮೊಹರು ಹಾಕಿಸಿಕೊಂಡು ಶಾಲೆಯ ಕಡತದಲ್ಲಿ ಇರಿಸಿ.